ಜೊತೆಹೆಜ್ಜೆಗೆ ಸಿದ್ಧತೆ

ಮೇ ತಿಂಗಳ ಕೊನೆಯಲ್ಲಿ ಶಾಲೆಗಳ ಬಾಗಿಲು ತೆರೆದು, ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಸಂಭ್ರಮ ಮುಗಿದು, ಜೂನಿನ ಸಂಜೆಮಳೆ ಜಯನಗರದ ಸಾಲುಮರಗಳನ್ನು ತೊಳೆಯತೊಡಗುವ ಹೊತ್ತಿಗೆ, ದಕ್ಷಿಣ ಬೆಂಗಳೂರಿನ ಅನೇಕ ಪ್ರೌಢಶಾಲೆಗಳ ಸೂಚನಾಫಲಕದ ಮೇಲೆ ಒಂದು ಚಿಕ್ಕ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ಸ್ವಾತಂತ್ರ್ಯೋತ್ಸವದ ಸಾಮೂಹಿಕ ಪ್ರದರ್ಶನದಲ್ಲಿ ಭಾಗವಹಿಸಲು ಇಚ್ಛೆಯುಳ್ಳ ಎಂಟು ಮತ್ತು ಒಂಬತ್ತನೆಯ ತರಗತಿಯವರು ಇಂಥ ದಿನ ಬೆಳಗ್ಗೆ ಇಷ್ಟು ಗಂಟೆಗೆ ಮೈದಾನದಲ್ಲಿ ಹಾಜರಿರತಕ್ಕದ್ದು ಎಂಬ ಒಕ್ಕಣೆಯ ಆ ಎರಡು ಸಾಲು ಓದುವುದಕ್ಕೆ ಎಷ್ಟೇ ನಿರಾಡಂಬರವಾಗಿದ್ದರೂ, ಹದಿಮೂರು ಹದಿನಾಲ್ಕರ ವಯಸ್ಸಿನ ಮನಸ್ಸುಗಳಲ್ಲಿ ಅದು ಎಬ್ಬಿಸುವ ಕೋಲಾಹಲ ಸಾಮಾನ್ಯವಾದುದಲ್ಲ. ಆ ಸಂಜೆ ಮನೆಗೆ ಬಂದ ಹುಡುಗಿ ಊಟದ ಹೊತ್ತಿನಲ್ಲಿ ಮಾತಿಲ್ಲದೆ ಕುಳಿತಿರುತ್ತಾಳೆ. ಕನ್ನಡಿಯ ಮುಂದೆ ನಿಂತು ಕೈಗಳನ್ನು ಎತ್ತಿ ಇಳಿಸಿ ನೋಡಿಕೊಳ್ಳುತ್ತಾಳೆ. ಮಲಗುವ ಮುನ್ನ, ಯಾವುದೋ ಬೇರೆ ಮಾತಿನ ನಡುವೆ ಎಂಬಂತೆ, ತಾನು ಆಯ್ಕೆಯಾಗುವೆನೋ ಇಲ್ಲವೋ ಎಂದು ತಾಯಿಯನ್ನು ಕೇಳುತ್ತಾಳೆ. ತಾಯಿ ಏನೆನ್ನಬೇಕು? ಆ ಹುಡುಗಿ ಉಳಿದ ದಿನಗಳಲ್ಲಿ ಏನು ಮಾಡಬೇಕು? ಈ ಪ್ರಶ್ನೆಗಳು ಪರೀಕ್ಷೆಯ ಅಂಕಗಳ ಪ್ರಶ್ನೆಯಷ್ಟೇ ಗಂಭೀರವಾದ ವಿಚಾರಕ್ಕೆ ಅರ್ಹವಾದವೆಂಬುದು ನನ್ನ ದೃಢವಾದ ನಂಬಿಕೆ.

ಇಂಥ ಆಯ್ಕೆಗಳು ಒಂದೇ ಬಗೆಯವಲ್ಲ. ಆಗಸ್ಟ್ 15ರಂದು ಮತ್ತು ಜನವರಿ 26ರಂದು ಕಬ್ಬನ್ ರಸ್ತೆಯ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಪೆರೇಡ್ ಮೈದಾನದಲ್ಲಿ, ಪಥಸಂಚಲನ ಮುಗಿದ ತರುವಾಯ, ನೂರಾರು ಮಕ್ಕಳು ಒಂದೇ ಹಾಡಿಗೆ ಒಂದೇ ಹೆಜ್ಜೆಯಿಡುವ ನೃತ್ಯರೂಪಕಗಳು ನಡೆಯುವುದನ್ನು ನಗರದವರೆಲ್ಲ ಬಲ್ಲರು. ಶಾಲಾ ವಾರ್ಷಿಕೋತ್ಸವದ ಕೋಲಾಟ ಕಂಸಾಳೆಗಳು, ಕ್ರೀಡಾದಿನದ ಲೇಜಿಮು ಮತ್ತು ಡಂಬೆಲ್ಸ್, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವ ಪಿರಮಿಡ್ಡು, ಪ್ರತಿಭಾ ಕಾರಂಜಿಯ ಜಾನಪದ ನೃತ್ಯ, ಇವೂ ಇದೇ ಕುಟುಂಬಕ್ಕೆ ಸೇರಿದವು. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಕೆಲವು ಖಾಸಗಿ ಶಾಲೆಗಳಲ್ಲಂತೂ ಮಕ್ಕಳನ್ನು ಕೆಂಪು, ಹಳದಿ, ಹಸಿರು, ನೀಲಿ ಹೌಸುಗಳಾಗಿ ವಿಂಗಡಿಸಿ, ಓಟದ ಪಂದ್ಯಗಳು ನಡೆಯುತ್ತಿರುವಾಗ ಬಣ್ಣದ ಕಾಗದದ ಕುಚ್ಚುಗಳನ್ನು ಹಿಡಿದು ಘೋಷ ಕೂಗುತ್ತ ತಮ್ಮ ಹೌಸಿನವರನ್ನು ಹುರಿದುಂಬಿಸುವ ಚಿಯರ್ ತಂಡಗಳನ್ನೂ ಕಟ್ಟುವ ವಾಡಿಕೆ ಬಂದಿದೆ. ವೇಷ ಬೇರೆ, ವಾದ್ಯ ಬೇರೆ. ಆಯ್ಕೆಗೆ ನಿಂತ ಮಗುವಿನ ಮುಂದಿರುವ ಕಾರ್ಯ ಮಾತ್ರ ಎಲ್ಲೆಡೆಯೂ ಒಂದೇ.

ಚಿಯರ್‌ಲೀಡಿಂಗ್ ಎಂಬುದನ್ನು ಬೆಂಗಳೂರಿನವರು ಕಣ್ಣಾರೆ ಕಂಡದ್ದು ಬಹುಮಟ್ಟಿಗೆ 2008ರ ಏಪ್ರಿಲ್ 18ರ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್. ಪಂದ್ಯಾವಳಿ ಉದ್ಘಾಟನೆಗೊಂಡು, ಅಮೆರಿಕದ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ತಂಡದ ತರುಣಿಯರು ಬೌಂಡರಿಯಾಚೆ ನರ್ತಿಸಿದಾಗ. ಅಂದು ಉಂಟಾದ ಅಭಿಪ್ರಾಯವೇ ಇಂದಿಗೂ ಅನೇಕರಲ್ಲಿ ಉಳಿದಿದೆ: ಇದು ಹೊರಗಿನ ಅಲಂಕಾರ, ಪಂದ್ಯದ ನಡುವಿನ ಮನರಂಜನೆ, ನಮ್ಮ ಹೆಣ್ಣುಮಕ್ಕಳಿಗೆ ಸಲ್ಲದ್ದು ಎಂದು. ಆದರೆ ಆ ಕಲೆಯ ಮೂಲವನ್ನು ಅರಸಿಹೋದರೆ ದೊರೆಯುವ ಚಿತ್ರ ಬೇರೆಯೇ. 1898ರ ನವೆಂಬರ್ 2ರಂದು ಮಿನೆಸೋಟ ವಿಶ್ವವಿದ್ಯಾಲಯದ ಫುಟ್ಬಾಲ್ ಪಂದ್ಯದಲ್ಲಿ, ಸೋಲುಗಳಿಂದ ಕುಗ್ಗಿದ್ದ ತನ್ನವರಿಗೆ ಧೈರ್ಯ ತುಂಬುವ ಸಲುವಾಗಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಅವರೆಲ್ಲರಿಂದ ಒಕ್ಕೊರಲಿನ ಘೋಷ ಕೂಗಿಸಿದನು. ಮೊದಲ ಕಾಲು ಶತಮಾನ ಅದು ಗಂಡುಹುಡುಗರ ಕೆಲಸವೇ ಆಗಿತ್ತು. ಅದೇ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳು ಸೇರಿದ್ದು 1923ರಲ್ಲಿ. ಎರಡನೆಯ ಮಹಾಯುದ್ಧಕ್ಕೆಂದು ಹುಡುಗರು ಹೊರಟುಹೋದಾಗ ಹುಡುಗಿಯರು ಆ ಸ್ಥಾನವನ್ನು ತುಂಬಿದರು; 1948ರಲ್ಲಿ ಟೆಕ್ಸಾಸಿನ ಲಾರೆನ್ಸ್ ಹರ್ಕಿಮರ್ ನಡೆಸಿದ ಮೊದಲ ತರಬೇತಿ ಶಿಬಿರಕ್ಕೆ ಬಂದವರು 52 ಹುಡುಗಿಯರು, ಒಬ್ಬ ಹುಡುಗ. ಅಂಗಸಾಧನೆಯ ಕಠಿನ ಪಟ್ಟುಗಳನ್ನು ಕ್ರಮವಾಗಿ ಮೈಗೂಡಿಸಿಕೊಂಡು ಬೆಳೆದ ಆ ಕಲೆಯ ಅಂತರರಾಷ್ಟ್ರೀಯ ಒಕ್ಕೂಟಕ್ಕೆ 2021ರ ಜುಲೈಯಲ್ಲಿ ಒಲಿಂಪಿಕ್ ಸಮಿತಿಯೇ ಪೂರ್ಣ ಮಾನ್ಯತೆ ನೀಡಿತು.

ಅನೇಕರು ಒಂದಾಗಿ ಚಲಿಸುವ ವಿದ್ಯೆಗೆ ನಮ್ಮ ನಾಡಿನಲ್ಲಿ ಇನ್ನೂ ಗೌರವಾಸ್ಪದವಾದ ಪರಂಪರೆಯುಂಟು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ಅಮೆರಿಕದಲ್ಲಿ ವ್ಯಾಸಂಗ ಮಾಡಿ, ಅಲ್ಲಿ ಲಾಲಾ ಲಜಪತರಾಯರ ಒಡನಾಟದಲ್ಲಿ ಪಳಗಿ ಬಂದ ಡಾ. ನಾ. ಸು. ಹರ್ಡೀಕರರು 1923ರಲ್ಲಿ, ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ, ಹಿಂದೂಸ್ತಾನಿ ಸೇವಾ ಮಂಡಲವನ್ನು ಸ್ಥಾಪಿಸಿದರು. ಶಿಸ್ತಿಲ್ಲದ ಉತ್ಸಾಹದಿಂದ ರಾಷ್ಟ್ರ ಕಟ್ಟಲಾಗದೆಂಬುದು ಸೆರೆಮನೆಯಲ್ಲಿ ಅವರಿಗೆ ಮನದಟ್ಟಾಗಿದ್ದ ಸತ್ಯ. ಕವಾಯತು, ಧ್ವಜವಂದನೆ, ಪ್ರಭಾತಫೇರಿ, ಸಾಮೂಹಿಕ ಗಾಯನಗಳ ಮೂಲಕ ಅವರು ಹುಬ್ಬಳ್ಳಿಯ ಕೇಂದ್ರದಿಂದ ದೇಶದ ತರುಣರನ್ನು ತಿದ್ದಿದರು. ಆ ಸಂಸ್ಥೆಯ ಸ್ತ್ರೀವಿಭಾಗದ ಹೊಣೆ ಹೊತ್ತು, ಮನೆಯ ಹೊಸ್ತಿಲು ದಾಟಿ ಬಂದ ಬಾಲೆಯರಿಗೂ ಗೃಹಿಣಿಯರಿಗೂ ಸಾಲುಗಟ್ಟಿ ನಿಲ್ಲುವುದನ್ನು, ಒಂದೇ ಹೆಜ್ಜೆಯಲ್ಲಿ ನಡೆಯುವುದನ್ನು ಕಲಿಸಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ಇಂದಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳದ ಮಕ್ಕಳು ಟೋಪಿ ಧರಿಸಿ ಧ್ವಜದ ಮುಂದೆ ನಿಲ್ಲುವುದು ಆ ಪರಂಪರೆಯ ಮುಂದುವರಿಕೆಯೇ ಆಗಿದೆ. ಇತ್ತ 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕನ್ನರು ಮದರಾಸಿನಲ್ಲಿ ವೈ.ಎಂ.ಸಿ.ಎ. ವತಿಯಿಂದ ತೆರೆದ ದೈಹಿಕ ಶಿಕ್ಷಣ ಶಾಲೆಯಲ್ಲಿ ತರಬೇತಾದವರು ದಕ್ಷಿಣ ದೇಶದ ಶಾಲೆಗಳಿಗೆಲ್ಲ ಹರಡಿ, ಪಿ.ಟಿ. ಮೇಷ್ಟರೆಂಬ ಒಂದು ಹೊಸ ಗುರುವರ್ಗವೇ ನಮ್ಮಲ್ಲಿ ಬೆಳೆಯುವುದಕ್ಕೆ ಕಾರಣರಾದರು. ಬೆಂಗಳೂರಿನಲ್ಲಾದರೋ, 'ಶಾಂತಲಾ', 'ರೂಪದರ್ಶಿ'ಗಳಂಥ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರರೇ ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವನ್ನೂ ಅಂಗಸೌಷ್ಠವವನ್ನೂ ಬೋಧಿಸಿದರು. ಸರಸ್ವತಿಗೂ ಗರಡಿಗೂ ವೈರವಿಲ್ಲವೆಂಬುದಕ್ಕೆ ಈ ಊರಿನಲ್ಲಿ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದುದರಿಂದ ಮಗಳು ಮೈದಾನದಲ್ಲಿ ಕುಣಿಯುವುದೆ ಎಂದು ಸಂಕೋಚಪಡುವ ಹಿರಿಯರಿಗೆ ನಾನು ಹೇಳಬಯಸುವುದಿಷ್ಟು: ಆಕೆ ಹಿಡಿಯಹೊರಟಿರುವ ದಾರಿ ನಮ್ಮ ಅಜ್ಜಿಯರ ಕಾಲದ ಸೇವಿಕೆಯರು ಧೈರ್ಯದಿಂದ ತುಳಿದದ್ದೇ ಆಗಿದೆ.

ಇನ್ನು ಆಯ್ಕೆಯ ವಿಚಾರ. ಜಯನಗರದ ಒಂದು ಶಾಲೆಯ ಮೈದಾನದಲ್ಲಿ ಅದು ನಡೆದ ಬಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ರಾತ್ರಿಯ ಮಳೆಗೆ ಅರ್ಧ ಅಳಿಸಿಹೋಗಿದ್ದ ಸುಣ್ಣದ ಗೆರೆಗಳನ್ನು ಜವಾನನು ಮತ್ತೆ ಎಳೆದು ಮುಗಿಸಿದ್ದನು. ಸಂಖ್ಯೆ ಬರೆದ ಚೀಟಿಗಳನ್ನು ಮಕ್ಕಳ ಎದೆಯ ಮೇಲೆ ಪಿನ್ನಿನಿಂದ ಸಿಕ್ಕಿಸಿತ್ತು. ಪಿ.ಟಿ. ಮೇಷ್ಟರೂ ನೃತ್ಯದ ಮಿಸ್ಸೂ ಒಂದು ಬೆಂಚಿನ ಮೇಲೆ ಕುಳಿತಿದ್ದರು. ಅವರ ಪಕ್ಕದಲ್ಲಿ ಕಪ್ಪು ಸ್ಪೀಕರು ಪೆಟ್ಟಿಗೆ. ಮೊದಲನೆಯ ಸುತ್ತಿನಲ್ಲಿ ಹಾಡೇ ಇರಲಿಲ್ಲ. ಹತ್ತು ಹತ್ತು ಮಂದಿ ಸಾಲಾಗಿ ನಡೆದುಬರಬೇಕು, ಸೀಟಿ ಕೇಳಿದೊಡನೆ ನಿಲ್ಲಬೇಕು, ಅಷ್ಟೆ. ಎರಡನೆಯದರಲ್ಲಿ ಮಿಸ್ಸು ಎಂಟೆಂಟು ಎಣಿಕೆಯ ನಾಲ್ಕು ತುಣುಕುಗಳನ್ನು ತೋರಿಸಿಕೊಟ್ಟು, ಸ್ವಲ್ಪ ಹೊತ್ತು ಅಭ್ಯಾಸಕ್ಕೆ ಬಿಟ್ಟು, ನಾಲ್ವರ ಗುಂಪುಗಳಾಗಿ ಕರೆದರು. ಒಂದು ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಕೊನೆಯ ಎಣಿಕೆಯಲ್ಲಿ ಯಾರೂ ಕೇಳದಿದ್ದ ಒಂದು ಕೈಚಕ್ರವನ್ನು ಹಾಕಿ ಸೊಗಸಾಗಿ ನಿಂತಳು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಮೇಷ್ಟರು ಮೃದುವಾಗಿಯೇ, "ಚೆನ್ನಾಗಿದೆ ಮಗು. ಆದರೆ ಹಾರೋದು ಆಮೇಲೆ, ಮೊದಲು ಪಕ್ಕದವಳ ಜೊತೆ ಕಾಲು ಇಳಿಸು," ಎಂದರು.

ಮೂರನೆಯ ಸುತ್ತೇ ನಿಜವಾದ ಪರೀಕ್ಷೆ. ಹಾಡು ಅರ್ಧಕ್ಕೆ ಬಂದಾಗ ಮಿಸ್ಸು ಯಾವ ಮುನ್ಸೂಚನೆಯನ್ನೂ ಕೊಡದೆ ಸ್ಪೀಕರನ್ನು ನಿಲ್ಲಿಸಿಬಿಟ್ಟರು. ಕೆಲವರು ಗಕ್ಕನೆ ನಿಂತು ಬೆಂಚಿನ ಕಡೆಗೆ ನೋಡಿದರು. ಕೆಲವರು ಗಾಬರಿಯಿಂದ ವೇಗ ಹೆಚ್ಚಿಸಿಕೊಂಡು ಮುಂದೋಡಿದರು. ಇನ್ನು ಕೆಲವರು ತುಟಿಯೊಳಗೆ ಎಣಿಸುತ್ತ, ಕಣ್ಣಂಚಿನಲ್ಲಿ ಪಕ್ಕದವರನ್ನು ಗಮನಿಸುತ್ತ, ಏನೂ ಆಗಿಲ್ಲವೆಂಬಂತೆ ಮುಂದುವರಿದರು. ಹಾಡು ಮತ್ತೆ ಮೊದಲಾದಾಗ ಸರಿಯಾದ ಜಾಗದಲ್ಲಿದ್ದವರು ಆ ಕೊನೆಯ ವರ್ಗದವರೇ. ಎಣ್ಣೆ ಹಚ್ಚಿ ಎರಡು ಜಡೆ ಹೆಣೆದುಕೊಂಡಿದ್ದ ಒಬ್ಬ ಸಣ್ಣ ಹುಡುಗಿಯನ್ನು ನಾನು ವಿಶೇಷವಾಗಿ ಗಮನಿಸಿದೆ. ಅವಳ ಕಾಲು ಎತ್ತರಕ್ಕೆ ಏಳುತ್ತಿರಲಿಲ್ಲ, ಸೊಂಟ ಅಷ್ಟಾಗಿ ಬಾಗುತ್ತಿರಲಿಲ್ಲ. ಆದರೆ ಪಕ್ಕದವಳು ಒಂದು ಎಣಿಕೆ ಹಿಂದೆ ಬಿದ್ದುದನ್ನು ಕಂಡು, ತನ್ನ ಹೆಜ್ಜೆಯನ್ನು ಕೆಡಿಸಿಕೊಳ್ಳದೆ, "ಐದು ಕಣೇ, ಐದು," ಎಂದು ಪಿಸುಗುಟ್ಟಿ ಅವಳನ್ನು ಸಾಲಿಗೆ ತಂದಳು. ಮೇಷ್ಟರ ಪಟ್ಟಿಯಲ್ಲಿ ಅವಳ ಸಂಖ್ಯೆ ಮೊದಲನೆಯದಾಗಿತ್ತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಆಯ್ಕೆಗೆ ಸಿದ್ಧತೆ ಎಂದರೆ ಯಾರಿಗೂ ಬಾರದ ಯಾವುದಾದರೊಂದು ಚಮತ್ಕಾರವನ್ನು ಸಾಧಿಸಿಕೊಳ್ಳುವುದು ಎಂದು ಮಕ್ಕಳು ಭಾವಿಸುತ್ತಾರೆ. ಮೊಬೈಲಿನ ಪರದೆಯ ಮೇಲೆ ಅವರು ಕಾಣುವುದೆಲ್ಲ ಒಬ್ಬೊಬ್ಬರ ಚಮತ್ಕಾರವೇ ಆದುದರಿಂದ ಆ ಭಾವನೆ ಸಹಜವೂ ಹೌದು. ಆದರೆ ಆಯ್ಕೆಗಾರರು ಹುಡುಕುವುದು ನಕ್ಷತ್ರವನ್ನಲ್ಲ. ಇನ್ನೂರು ಮಂದಿಯ ನಡುವೆ ನಿಂತಾಗ ತನ್ನ ಎಡಬಲದವರನ್ನು ಅರಿಯಬಲ್ಲ, ಮೂರನೆಯ ವಾರದಲ್ಲಿಯೂ ಮೊದಲನೆಯ ದಿನದಷ್ಟೇ ಹೊತ್ತಿಗೆ ಸರಿಯಾಗಿ ಬರಬಲ್ಲ, ತಿದ್ದಿದಾಗ ಮುಖ ಸಣ್ಣದು ಮಾಡಿಕೊಳ್ಳದ, ಮೇಲೆ ನಿಂತವಳ ಭಾರವನ್ನು ಹೊತ್ತು ಅಲುಗದೆ ಇರಬಲ್ಲ ಮಗುವನ್ನೇ ಅವರು ಬಯಸುತ್ತಾರೆ. ಇವೆಲ್ಲ ಹುಟ್ಟಿನಿಂದ ಬಂದ ಗುಣಗಳಲ್ಲ. ಐದಾರು ವಾರಗಳ ನಿಯತವಾದ ಅಭ್ಯಾಸದಿಂದ ಯಾವ ಸಾಧಾರಣ ಮಗುವಾದರೂ ಸಂಪಾದಿಸಿಕೊಳ್ಳಬಹುದಾದವು.

ಆ ಅಭ್ಯಾಸ ಎಣಿಕೆಯಿಂದ ಮೊದಲಾಗಲಿ. ಚಿಯರ್‌ಲೀಡರುಗಳೂ ಸಿನಿಮಾ ನೃತ್ಯದವರೂ ಎಂಟರ ಎಣಿಕೆಯಲ್ಲೇ ಹೆಜ್ಜೆಯನ್ನು ಕಟ್ಟುತ್ತಾರೆ. ನಮ್ಮ ಮಕ್ಕಳಿಗೆ ಇದು ಹೊಸದೇನೂ ಅಲ್ಲ. ಜಯನಗರ ಬಸವನಗುಡಿಗಳ ಎಷ್ಟೋ ಮನೆಗಳಲ್ಲಿ ಸಂಜೆಹೊತ್ತು ಸರಳೆವರಸೆ ಹೇಳಿಕೊಳ್ಳುವ ಮಗು ತೊಡೆಯ ಮೇಲೆ ಹಾಕುವ ಆದಿತಾಳಕ್ಕೂ ಎಂಟೇ ಅಕ್ಷರ. ಆ ತಾಳವನ್ನು ತೊಡೆಯಿಂದ ಪಾದಕ್ಕೆ ಇಳಿಸಬೇಕು, ಅಷ್ಟೆ. ಪ್ರತಿದಿನ ಹತ್ತು ನಿಮಿಷ ಹಾಡಿಲ್ಲದೆ, ಬಾಯಲ್ಲಿ ಗಟ್ಟಿಯಾಗಿ ಎಣಿಸುತ್ತ ಇದ್ದಲ್ಲೇ ಹೆಜ್ಜೆ ಹಾಕುವುದು. ಆಮೇಲೆ ಎಣಿಕೆಯನ್ನು ಮನಸ್ಸಿನೊಳಕ್ಕೆ ತೆಗೆದುಕೊಳ್ಳುವುದು. ಆಮೇಲೆ ತಂಗಿಯನ್ನೋ ಗೆಳತಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಬ್ಬರ ಮುಖವನ್ನೊಬ್ಬರು ನೇರವಾಗಿ ನೋಡದೆ, ಇಬ್ಬರ ಪಾದಗಳೂ ಒಂದೇ ಸದ್ದು ಮಾಡುವವರೆಗೆ ಅದನ್ನೇ ನಡೆಸುವುದು. ಹೊಸ ಹೆಜ್ಜೆಯನ್ನು ಬೇಗ ಗ್ರಹಿಸುವ ಶಕ್ತಿಯನ್ನೂ ಬೆಳೆಸಿಕೊಳ್ಳಬೇಕು, ಏಕೆಂದರೆ ಆಯ್ಕೆಯ ದಿನ ಕಲಿಸುವುದನ್ನು ಮೊದಲೇ ಬಲ್ಲವರು ಯಾರೂ ಇರುವುದಿಲ್ಲ. ಗೆಳತಿಯರು ನಾಲ್ಕು ಜನ ಸೇರಿ, ದಿನಕ್ಕೊಬ್ಬಳು ಎರಡು ಎಂಟೆಣಿಕೆಗಳನ್ನು ತಾನೇ ರಚಿಸಿ ಉಳಿದವರಿಗೆ ಕಲಿಸುವ ಪದ್ಧತಿಯನ್ನಿಟ್ಟುಕೊಂಡರೆ ಕಲಿಯುವುದೂ ಕಲಿಸುವುದೂ ಏಕಕಾಲಕ್ಕೆ ಬರುತ್ತವೆ.

ದೇಹದ ಸಿದ್ಧತೆಯಲ್ಲಿ ಆತುರ ಸಲ್ಲದು. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಮೂಳೆಗಳು ಬೆಳೆಯುವ ವೇಗಕ್ಕೆ ಸ್ನಾಯುಗಳು ಸರಿದೂಗದಿರುವುದರಿಂದ, ಹಿಂದಿನ ವರ್ಷ ಹಗುರಾಗಿ ಬಾಗುತ್ತಿದ್ದ ಮಗುವೂ ಈ ವರ್ಷ ಬಿಗಿಯಾಗಿಬಿಡಬಹುದು. ಇದು ಸೋಮಾರಿತನದ ಗುರುತಲ್ಲ. ಮಂಡಿಯ ಚಿಪ್ಪಿನ ಕೆಳಗಡೆ ನೋವು ಕಾಣಿಸಿಕೊಂಡರೆ ಅದನ್ನು ಹಲ್ಲುಕಚ್ಚಿ ಸಹಿಸದೆ ಹಾರುವುದನ್ನು ಕೆಲವು ದಿನ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮೈ ಬೆಚ್ಚಗಾಗುವವರೆಗೆ ನಿಧಾನವಾಗಿ ಓಡಿ, ಕೈಕಾಲು ಬೀಸಿ, ಐದಾರು ಸೂರ್ಯನಮಸ್ಕಾರ ಹಾಕಿದ ಮೇಲಷ್ಟೇ ಸ್ನಾಯುಗಳನ್ನು ಎಳೆಯುವ ಅಭ್ಯಾಸಕ್ಕೆ ಇಳಿಯತಕ್ಕದ್ದು. ಎಳೆತವನ್ನು ಸುಮಾರು 30 ಸೆಕೆಂಡು ಸ್ಥಿರವಾಗಿ ಹಿಡಿಯಬೇಕೇ ಹೊರತು ಜಗ್ಗಬಾರದು. ಎರಡು ಕಾಲುಗಳನ್ನೂ ನೆಲಕ್ಕೆ ಚಾಚಿ ಕೂರುವ ಸ್ಪ್ಲಿಟ್ಟು ಎರಡು ವಾರದಲ್ಲಿ ಬಂದೇ ತೀರಬೇಕೆಂದು ಹಟ ಹಿಡಿದು, ಗೆಳತಿಯಿಂದ ಹೆಗಲನ್ನು ಒತ್ತಿಸಿಕೊಂಡು ತೊಡೆಯ ಸ್ನಾಯುವನ್ನು ಹರಿದುಕೊಂಡವರುಂಟು. ಆಯ್ಕೆಗೆ ಸ್ಪ್ಲಿಟ್ಟು ಅಗತ್ಯವಲ್ಲ. ನೆಟ್ಟಗಿನ ಬೆನ್ನು, ಬಿಗಿಯಾದ ಹೊಟ್ಟೆ, ಮೊಣಕೈ ಬಾಗದೆ ಭುಜದಿಂದ ಮೇಲೇಳುವ ತೋಳು, ಇವು ಅಗತ್ಯ. ಗೋಡೆಗೆ ಬೆನ್ನು ಹಚ್ಚಿ ಕುರ್ಚಿಯಲ್ಲಿ ಕುಳಿತಂತೆ ನಿಲ್ಲುವುದೂ, ಮೊಣಕೈಗಳ ಮೇಲೆ ದೇಹವನ್ನು ಹಲಗೆಯಂತೆ ಹಿಡಿಯುವುದೂ ಇವನ್ನು ಸಾಧಿಸಿಕೊಡುತ್ತವೆ.

ಹಾರುವುದಕ್ಕಿಂತ ಇಳಿಯುವುದೇ ದೊಡ್ಡ ವಿದ್ಯೆ. ಬೆರಳುಗಳು ಮೊದಲು, ಹಿಮ್ಮಡಿ ಆಮೇಲೆ, ಮಂಡಿಗಳು ಬಾಗಿ, ಒಂದರ ಕಡೆಗೊಂದು ವಾಲದೆ ಪಾದದ ನೇರಕ್ಕೆ ನಿಲ್ಲುವಂತೆ, ಸದ್ದಿಲ್ಲದೆ ನೆಲಕ್ಕೆ ಬರಬೇಕು. ಮಂಡಿಯೊಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚೆಂಬುದು ವೈದ್ಯಶಾಸ್ತ್ರದಲ್ಲಿ ಸಿದ್ಧವಾಗಿರುವುದರಿಂದ, ಈ ಒಂದು ಅಭ್ಯಾಸವನ್ನು ಯಾವ ಶಿಕ್ಷಕರೂ ಉಪೇಕ್ಷಿಸಬಾರದು. ಪಿರಮಿಡ್ಡಿನ ವಿಷಯದಲ್ಲಂತೂ ನನ್ನ ಅಭಿಪ್ರಾಯ ಕಠಿನವಾದುದು. ಅಮೆರಿಕದಲ್ಲಿ 1982ರಿಂದ ಸಂಗ್ರಹಿಸಿರುವ ದಾಖಲೆಗಳಲ್ಲಿ ಹೈಸ್ಕೂಲು ಹುಡುಗಿಯರಿಗೆ ಆಟೋಟಗಳಿಂದ ಸಂಭವಿಸಿದ ಅತಿ ಘೋರವಾದ ಗಾಯಗಳಲ್ಲಿ ಅರ್ಧಕ್ಕೂ ಹೆಚ್ಚು ಚಿಯರ್‌ಲೀಡಿಂಗಿನವೇ ಆಗಿದ್ದವು. ಆದಕಾರಣ ಅಲ್ಲಿ ಹೈಸ್ಕೂಲು ಮಟ್ಟದಲ್ಲಿ ಎರಡು ಆಳಿನ ಎತ್ತರವನ್ನು ಮೀರುವಂತಿಲ್ಲವೆಂಬ ನಿಯಮವಿದೆ. ನಮ್ಮ ಶಾಲೆಗಳಲ್ಲಿ ಬರಿಯ ಮಣ್ಣಿನ ಮೇಲೆ, ಕೆಲವೆಡೆ ಸಿಮೆಂಟಿನ ಅಂಗಳದಲ್ಲಿ, ಮೂರು ನಾಲ್ಕು ಅಂತಸ್ತಿನ ಪಿರಮಿಡ್ಡನ್ನು ಚಪ್ಪಾಳೆಯ ಆಸೆಗೆ ಏರಿಸುವುದುಂಟು. ಕೆಳಗೆ ದಪ್ಪನೆಯ ಮ್ಯಾಟು ಇಲ್ಲದೆ, ನಾಲ್ಕು ಕಡೆಯೂ ಹಿಡಿಯುವವರಿಲ್ಲದೆ, ತರಬೇತಾದ ಶಿಕ್ಷಕರು ಎದುರಿಗಿಲ್ಲದೆ ಯಾವ ಮಗುವೂ ಇನ್ನೊಂದು ಮಗುವಿನ ಹೆಗಲನ್ನು ಏರಬಾರದು. ಮನೆಯ ತಾರಸಿಯ ಮೇಲಂತೂ ಕೂಡದೇ ಕೂಡದು. ಏರು ಎಂದವರಿಗೆ ಆಗುವುದಿಲ್ಲ ಎಂದು ಹೇಳುವ ಧೈರ್ಯವನ್ನೂ ತಂದೆತಾಯಿಗಳು ಮಕ್ಕಳಿಗೆ ಕಲಿಸಿರಬೇಕು.

ಧ್ವನಿ ಬೇಕಾಗುವುದು ಘೋಷದ ತಂಡಗಳಿಗೆ. ಗಂಟಲಿನಿಂದ ಕಿರಿಚಿದರೆ ಎರಡೇ ದಿನದಲ್ಲಿ ಸ್ವರ ಒಡೆಯುತ್ತದೆ. ಹೊಟ್ಟೆಯ ತನಕ ಉಸಿರು ತುಂಬಿಕೊಂಡು, ಸ್ವರವನ್ನು ಸ್ವಲ್ಪ ತಗ್ಗಿನಲ್ಲಿಟ್ಟು, ಅಕ್ಷರಗಳನ್ನು ಬಿಡಿಸಿ ನುಡಿದರೆ ಮೈದಾನದ ಆಚೆಯ ತುದಿಗೂ ಮುಟ್ಟುತ್ತದೆ. ಘೋಷಗಳನ್ನು ಕನ್ನಡದಲ್ಲೇ ಕಟ್ಟುವ ಶಾಲೆಗಳನ್ನು ಕಂಡಾಗ ನನಗೆ ಆಗುವ ಸಂತೋಷವನ್ನು ಮರೆಮಾಚಲಾರೆ. ಪ್ರಾಸವೂ ಗಣವೂ ರಕ್ತದಲ್ಲಿರುವ ಭಾಷೆಯಿದು. ಮಕ್ಕಳು ತಾವೇ ಕುಳಿತು ರಚಿಸಲಿ.

ಆಹಾರದ ಮಾತು ಬಂದಾಗ ಮನೆಯವರ ಹೊಣೆ ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಅಭ್ಯಾಸದ ನಡುವೆ ತಲೆಸುತ್ತಿ ಕುಳಿತುಬಿಡುವ ಹುಡುಗಿಯನ್ನು ಉತ್ಸಾಹವಿಲ್ಲದವಳೆಂದು ಗದರಿಸುವ ಮೊದಲು ಈ ಸಂಖ್ಯೆಯನ್ನು ನೆನೆಯಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕದ್ದು ಎಸೆಯದಿರುವುದು, ಸೊಪ್ಪಿನ ಹುಳಿಗೂ ಹುರುಳಿ ಸಾರಿಗೂ ನಿಂಬೆಹಣ್ಣು ಹಿಂಡಿಕೊಳ್ಳುವುದು, ಊಟದ ಬೆನ್ನಿಗೇ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತದಾದುದರಿಂದ ದಕ್ಷಿಣ ಬೆಂಗಳೂರಿನ ಆ ಪ್ರಿಯವಾದ ಅಭ್ಯಾಸವನ್ನು ಒಂದೆರಡು ಗಂಟೆ ಮುಂದೂಡುವುದು, ಇಷ್ಟರಿಂದಲೇ ಬಹಳ ಉಪಕಾರವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು. ಬೆಳೆಯುವ ಮೂಳೆಗೆ ಅಂಬಲಿಗಿಂತ ದುಬಾರಿಯಾದ ಯಾವ ಡಬ್ಬಿಯ ಪುಡಿಯೂ ಬೇಕಾಗಿಲ್ಲ. ತೂಕ ಇಳಿಸಿಕೊಂಡು ತೆಳ್ಳಗೆ ಕಾಣಬೇಕೆಂದು ರಾತ್ರಿ ಊಟ ಬಿಡುವ ಹುಡುಗಿಯನ್ನು ಕಂಡರೆ ತಾಯಿ ತಕ್ಷಣವೇ, ಬೈಯದೆ, ಪಕ್ಕದಲ್ಲಿ ಕುಳಿತು ಮಾತನಾಡಬೇಕು. ಮುಟ್ಟಿನ ದಿನಗಳಲ್ಲಿ ಅಭ್ಯಾಸ ಮಾಡಬಾರದೆಂಬುದಕ್ಕೆ ಶಾರೀರಿಕವಾದ ಆಧಾರವಿಲ್ಲ. ನೋವಿದ್ದರೆ ವಿಶ್ರಾಂತಿ, ಇಲ್ಲದಿದ್ದರೆ ಎಂದಿನಂತೆ. ಆದರೆ ಅದನ್ನು ಹುಡುಗಿ ಸಂಕೋಚವಿಲ್ಲದೆ ಹೇಳಿಕೊಳ್ಳಬಲ್ಲಂಥ ಒಬ್ಬ ಶಿಕ್ಷಕಿ ಮೈದಾನದಲ್ಲಿರುವುದು ಅತ್ಯಾವಶ್ಯಕ.

ಅಭ್ಯಾಸಕ್ಕೆ ಸ್ಥಳವೆಲ್ಲಿ ಎಂಬುದು ನಗರದ ಮಕ್ಕಳ ನಿಜವಾದ ಕಷ್ಟ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದಾಗ ಉದ್ಯಾನಗಳಿಗೂ ಮೈದಾನಗಳಿಗೂ ಧಾರಾಳವಾಗಿ ಜಾಗ ಬಿಟ್ಟ ಹಿರಿಯರ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಐದನೆಯ ಬ್ಲಾಕಿನ ಶಾಲಿನಿ ಮೈದಾನವಾಗಲಿ, ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣವಾಗಲಿ, ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನವಾಗಲಿ, ಬೆಳಗಿನ ಹೊತ್ತು ಕ್ರಿಕೆಟ್ಟಿನ ಹುಡುಗರು ಬರುವ ಮುನ್ನ ಒಂದು ಮೂಲೆಯನ್ನಾದರೂ ಒದಗಿಸುತ್ತವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬೆಳೆದ ಬಿ.ಟಿ.ಎಂ. ಬಡಾವಣೆಯ ಒತ್ತೊತ್ತಾದ ಮನೆಗಳ ಮಕ್ಕಳಿಗೆ ತಾರಸಿಯೇ ಗತಿ. ಗಾರೆಯ ನೆಲದ ಮೇಲೆ ಎಣಿಕೆ, ತೋಳಿನ ಚಲನೆ, ಎಳೆತಗಳನ್ನು ಅಭ್ಯಸಿಸಬಹುದು. ಹಾರುವುದನ್ನು ಮಾತ್ರ ಮಣ್ಣಿನ ನೆಲಕ್ಕೆ ಮೀಸಲಿಡಬೇಕು. ಮಳೆ ಬಿದ್ದ ತಾರಸಿ ಪಾಚಿಗಟ್ಟಿರುತ್ತದೆ. ಅಲ್ಲಿ ಜಾರಿ ಕೈ ಮುರಿದುಕೊಂಡರೆ ಆಗಸ್ಟ್ ತಿಂಗಳೆಲ್ಲ ಕಳೆದಂತೆಯೇ. ಹಿಮ್ಮಡಿ ಸವೆದ ಬೂಟನ್ನು ಹಾಕಿಕೊಳ್ಳಬಾರದು, ಅಭ್ಯಾಸಕ್ಕೆ ಹಾಕಿದ್ದನ್ನೇ ಆಯ್ಕೆಯ ದಿನವೂ ಹಾಕಬೇಕು.

ಆ ಬೆಳಗ್ಗೆ ಹೊಸದೇನನ್ನೂ ಕಲಿಯಲು ಹೋಗಬಾರದು. ಎರಡು ಇಡ್ಲಿಯನ್ನೋ ಒಂದು ಬಾಳೆಹಣ್ಣನ್ನೋ ಎರಡು ಗಂಟೆ ಮೊದಲು ತಿಂದು, ಕೂದಲು ಮುಖಕ್ಕೆ ಬೀಳದಂತೆ ಕಟ್ಟಿ, ಬಳೆ ಲೋಲಾಕುಗಳನ್ನು ಮನೆಯಲ್ಲೇ ಬಿಟ್ಟು, ಹೇಳಿದ ಹೊತ್ತಿಗಿಂತ ಸ್ವಲ್ಪ ಮುಂಚಿತವಾಗಿ ಹೋಗಿ ಮೈ ಬೆಚ್ಚಗೆ ಮಾಡಿಕೊಳ್ಳುವುದು ಮೇಲು. ಮಿಸ್ಸು ಹೆಜ್ಜೆ ತೋರಿಸುವಾಗ ಮೊದಲು ಪಾದಗಳನ್ನು ನೋಡಿ, ಆಮೇಲೆ ಕೈಗಳನ್ನು ನೋಡಬೇಕು. ಪಾದ ಕೂತಮೇಲೆ ಕೈ ತಾನಾಗಿ ಬರುತ್ತದೆ. ತಪ್ಪಿದರೆ ನಾಲಗೆ ಕಚ್ಚಿಕೊಳ್ಳಬಾರದು, ನಗಬಾರದು, ಕ್ಷಮೆ ಕೇಳಬಾರದು. ಮುಂದಿನ ಒಂದನೆಯ ಎಣಿಕೆಗೆ ಕಾದು ಸೇರಿಕೊಳ್ಳಬೇಕು. ಬೆಂಚಿನ ಮೇಲೆ ಕುಳಿತವರು ನಿರೀಕ್ಷಿಸುತ್ತಿರುವುದೂ ಅದನ್ನೇ. ತನ್ನ ಸರದಿ ಮುಗಿದಮೇಲೆ ಮೂಲೆಯಲ್ಲಿ ಹರಟದೆ ಉಳಿದವರನ್ನು ಗಮನವಿಟ್ಟು ನೋಡುವ ಮಗುವನ್ನೂ ಅವರ ಕಣ್ಣು ಗುರುತಿಸಿಕೊಳ್ಳುತ್ತದೆ.

ಇದುವರೆಗೆ ಹೇಳಿದ್ದೆಲ್ಲ ಮಕ್ಕಳ ಸಿದ್ಧತೆ. ಹಿರಿಯರ ಸಿದ್ಧತೆಯೂ ಒಂದುಂಟು. ಬಣ್ಣ ಬೆಳ್ಳಗಿರುವವರನ್ನು ಮುಂದಿನ ಸಾಲಿಗೂ, ಕಪ್ಪಗಿರುವವರನ್ನೂ ದಪ್ಪಗಿರುವವರನ್ನೂ ಹಿಂದಿನ ಸಾಲಿಗೂ ನಿಲ್ಲಿಸುವ ಕೆಟ್ಟ ಚಾಳಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹಾಗೆ ನಿಲ್ಲಿಸಿದ ಶಿಕ್ಷಕರು ಮರುದಿನವೇ ಅದನ್ನು ಮರೆತಿರಬಹುದು. ನಿಂತ ಹುಡುಗಿ ಐವತ್ತು ವರ್ಷವಾದರೂ ಮರೆಯುವುದಿಲ್ಲ. ಎತ್ತರದ ಕ್ರಮದಲ್ಲಿ ನಿಲ್ಲಿಸುವುದಕ್ಕೆ ಕಾರಣವಿದೆ, ಮೈಬಣ್ಣದ ಕ್ರಮಕ್ಕೆ ಯಾವ ಕಾರಣವೂ ಇಲ್ಲ. ವೇಷಭೂಷಣದ ಹಣ ಹೊಂದಿಸಲಾರದ ಮನೆಯ ಮಗು ಆ ಕಾರಣಕ್ಕಾಗಿ ಹೆಸರನ್ನೇ ಕೊಡದೆ ಉಳಿಯುವುದನ್ನೂ ತಪ್ಪಿಸಬೇಕು; ಆಯ್ಕೆಯ ಪ್ರಕಟಣೆಯಲ್ಲೇ ವೇಷದ ವೆಚ್ಚ ಶಾಲೆಯದೆಂದು ಒಂದು ಸಾಲು ಸೇರಿಸಿದರೆ ಸಾಕು. ಗಂಡುಹುಡುಗರು ಕುಣಿಯಬಯಸಿದರೆ ಹಾಸ್ಯಮಾಡುವವರು ಡೊಳ್ಳಿನ, ಕಂಸಾಳೆಯ, ವೀರಗಾಸೆಯ ನಾಡಿನಲ್ಲಿ ತಾವಿದ್ದೇವೆಂಬುದನ್ನು ನೆನೆಯಲಿ. ಮುಂದಿನ ವರ್ಷ ಎಸ್.ಎಸ್.ಎಲ್.ಸಿ., ಇದೆಲ್ಲ ಏಕೆ ಎಂದು ಒಂಬತ್ತನೆಯ ತರಗತಿಯಲ್ಲೇ ತಡೆಯುವ ತಂದೆತಾಯಿಗಳಿಗೆ ನನ್ನದೊಂದು ವಿನಂತಿ: ದಿನಕ್ಕೊಂದು ಗಂಟೆ ಬಿಸಿಲಿನಲ್ಲಿ ಬೆವರು ಸುರಿಸಿದ ಮಗು ರಾತ್ರಿ ಚೆನ್ನಾಗಿ ನಿದ್ರಿಸುತ್ತದೆ, ನಿದ್ರಿಸಿದ ಮಗುವಿಗೆ ಓದಿದ್ದು ತಲೆಗೆ ಹತ್ತುತ್ತದೆ.

ಪಟ್ಟಿಯನ್ನು ಹಚ್ಚಿದಾಗ ಹೆಸರಿಲ್ಲದವರೇ ಹೆಚ್ಚು ಮಂದಿ ಇರುತ್ತಾರೆ. ಅವರ ವಿಷಯದಲ್ಲಿ ಶಾಲೆಗಳು ನಡೆದುಕೊಳ್ಳುವ ರೀತಿ ನನಗೆ ಸಮಾಧಾನ ತಂದಿಲ್ಲ. ಸಂಖ್ಯೆಗಳನ್ನು ಅಂಟಿಸಿ ಬಾಗಿಲು ಮುಚ್ಚಿಕೊಳ್ಳುವ ಬದಲು, ಪ್ರತಿಯೊಬ್ಬರಿಗೂ ಏನು ಚೆನ್ನಾಗಿತ್ತು, ಏನು ಸಾಲದಾಯಿತು ಎಂಬುದನ್ನು ಒಂದೊಂದು ವಾಕ್ಯದಲ್ಲಿ ತಿಳಿಸಲು ಮೇಷ್ಟರಿಗೆ ಒಂದು ಮಧ್ಯಾಹ್ನ ಸಾಕು. ಇನ್ನೂರು ಮಂದಿಯ ತಂಡದಲ್ಲಿ ಜ್ವರದಿಂದಲೋ ಕಾಲುನೋವಿನಿಂದಲೋ ಹತ್ತಾರು ಮಕ್ಕಳು ಪ್ರತಿವರ್ಷ ಬಿಟ್ಟುಹೋಗುವುದರಿಂದ, ಬದಲಿಯವರ ಒಂದು ಪಟ್ಟಿಯನ್ನು ಮೊದಲ ದಿನವೇ ಹೆಸರು ಹಿಡಿದು ಪ್ರಕಟಿಸಿ, ಅವರನ್ನೂ ದಿನವೂ ಅಭ್ಯಾಸಕ್ಕೆ ಕರೆಯಬೇಕು. ತಮಟೆ ಬಾರಿಸುವವರು, ಘೋಷ ಕೂಗಿಸುವವರು, ಧ್ವಜ ಹಿಡಿಯುವವರು, ನೀರಿನ ಬಾಟಲಿಗಳ ಮೇಲ್ವಿಚಾರಣೆ ನೋಡುವವರು, ಎಲ್ಲರೂ ಬೇಕು. ಆಗಸ್ಟ್ 15ರ ನಸುಕಿನಲ್ಲಿ ಶಾಲೆಯ ಬಸ್ಸು ಕಬ್ಬನ್ ರಸ್ತೆಯತ್ತ ಹೊರಡುವಾಗ ಅದರಲ್ಲಿ ಅವರಿಗೂ ಆಸನವಿರಲಿ, ಪಟ್ಟಿಯಲ್ಲಿ ಅವರ ಹೆಸರೂ ಇರಲಿ. ನೃತ್ಯ ಆಯ್ಕೆಯಾದವರದ್ದು, ತಂಡ ಮಾತ್ರ ಆಯ್ಕೆಗೆ ಬಂದು ನಿಂತವರೆಲ್ಲರದ್ದೂ ಆಗುವಂತೆ ಏರ್ಪಡಿಸುವುದು ಮೇಷ್ಟರ ಕೈಯಲ್ಲಿದೆ, ಅದಕ್ಕೆ ಜೂನ್ ತಿಂಗಳಲ್ಲೇ ತೊಡಗಬೇಕು.